ಬೂಟಿಗೆ ಅಂಟದ ಕೆಸರು

ಮೂರು ವರ್ಷದಿಂದ ನನ್ನದೊಂದು ಕಾದಂಬರಿ ಹನ್ನೊಂದನೇ ಅಧ್ಯಾಯದಲ್ಲೇ ನಿಂತಿತ್ತು. 1678ರ ಲಂಡನ್ನಿನ ಕಥೆ. ಒಬ್ಬ ಮ್ಯಾಜಿಸ್ಟ್ರೇಟ್ ಕಾಣೆಯಾಗುತ್ತಾನೆ, ಐದು ದಿನ ಕಳೆದ ಮೇಲೆ ಊರಾಚೆಯ ಗುಡ್ಡದ ಬುಡದ ಹಳ್ಳದಲ್ಲಿ ಅವನ ಹೆಣ ಸಿಗುತ್ತದೆ, ರಾಬರ್ಟ್ ಹುಕ್ ಎಂಬ ವಿಜ್ಞಾನಿ ಅದನ್ನು ಪರೀಕ್ಷಿಸಲು ಬರುತ್ತಾನೆ. ಮ್ಯಾಜಿಸ್ಟ್ರೇಟ್, ಹೆಣ, ಹಳ್ಳ ಮೂರೂ ಇತಿಹಾಸದಲ್ಲಿ ಇರುವಂಥವೇ. ಹುಕ್ ಅಲ್ಲಿಗೆ ಬಂದದ್ದಷ್ಟೇ ನನ್ನ ಕಲ್ಪನೆ. ಕೊಲೆ ಮಾಡಿದವರು ಯಾರು ಎಂದು ಬರೆಯಬೇಕಾದಲ್ಲಿಗೆ ಬಂದು ಪೆನ್ನು ಕೆಳಗಿಟ್ಟಿದ್ದೆ.

ಧಾರವಾಡದಲ್ಲಿ ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವಳು ನಾನು. ಹುಕ್‌ನ ನಿಯಮ ತೋರಿಸಲು ಸ್ಪ್ರಿಂಗಿಗೆ ಒಂದೊಂದೇ ತೂಕ ನೇತುಹಾಕಿ, ಎಷ್ಟು ಹಿಗ್ಗಿತು ಎಂದು ಅಳೆದು, ಗ್ರಾಫ್ ಹಾಳೆಯ ಮೇಲೆ ನೆಟ್ಟಗಿನ ಗೆರೆ ಬಂದಾಗ ಮಕ್ಕಳ ಮುಖ ಅರಳುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಒಮ್ಮೆ ಒಬ್ಬ ಹುಡುಗಿ, 'ಮೇಡಂ, ನ್ಯೂಟನ್ನಂದು ಚಿತ್ರ ಐತಿ, ಹುಕ್‌ಂದು ಯಾಕಿಲ್ಲ?' ಅಂದಳು. ಉತ್ತರ ಹುಡುಕಲು ಹೋದವಳು ಆ ಮನುಷ್ಯನ ಬದುಕಿನೊಳಗೇ ಸಿಕ್ಕಿಕೊಂಡೆ. ಖಂಡಿತ ಅವನದೇ ಎನ್ನಬಹುದಾದ ಒಂದು ಭಾವಚಿತ್ರವೂ ಉಳಿದಿಲ್ಲ. ಸಸ್ಯದ ಚೂರಿನಲ್ಲಿ ಕಂಡ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟವನು ಅವನು. ಬೆಂಕಿಗೆ ಸುಟ್ಟುಹೋದ ಲಂಡನ್ನಿನಲ್ಲಿ ಅಳತೆಯ ಹಗ್ಗ ಹಿಡಿದು ಓಣಿ ಓಣಿ ಅಲೆದವನೂ ಅವನೇ. 1703ರಲ್ಲಿ ತೀರಿಕೊಂಡ. ಹೂತ ಚರ್ಚಿನಿಂದ ಮೂಳೆಗಳನ್ನೂ ಮುಂದೆ ತೆಗೆದು ಬೇರೆಡೆಗೆ ಸಾಗಿಸಿದರು. ಇವತ್ತು ಅವನ ಸಮಾಧಿ ಇಂಥದ್ದೇ ಎಂದು ತೋರಿಸಲು ಬಾರದು.

ಕಳೆದ ಅಕ್ಟೋಬರಿನಲ್ಲಿ ಮಗಳ ಮನೆಗೆ ಹೋದಾಗ ಹಸ್ತಪ್ರತಿಯನ್ನು ಜೊತೆಗೇ ಒಯ್ದಿದ್ದೆ. ಒಂದು ಬೆಳಿಗ್ಗೆ ಇಬ್ಬರೂ ಹುಕ್‌ನ ಕಂಬದ ಕಡೆಗೆ ಹೊರಟೆವು.

'ಅವ್ವಾ, ಮೊಣಕಾಲು ನೋವು ಅಂತೀದಿ. ಅಲ್ಲಿ ಲಿಫ್ಟ್ ಇಲ್ಲ, 311 ಮೆಟ್ಲ ಅವ.'

'ನಿಧಾನಕ್ಕ ಹತ್ತೂಣ. ಅವ ಪಾದರಸದ ಕೊಳವಿ ಹಿಡಕೊಂಡು ಹತ್ತಿದ್ದ.'

ಆ ಕಂಬಕ್ಕೆ ಹೆಸರೇ ಮಾನ್ಯುಮೆಂಟ್. 1666ರ ಮಹಾ ಬೆಂಕಿಯ ನೆನಪಿಗೆ ಕ್ರಿಸ್ಟೋಫರ್ ರೆನ್ ಮತ್ತು ಹುಕ್ ಸೇರಿ ರೂಪಿಸಿದ್ದು. 1671ರಲ್ಲಿ ಶುರುವಾಗಿ 1677ರಲ್ಲಿ ಮುಗಿಯಿತು. ಎತ್ತರ 202 ಅಡಿ. ಬೆಂಕಿ ಹೊತ್ತಿಕೊಂಡ ಪುಡಿಂಗ್ ಲೇನಿನ ರೊಟ್ಟಿ ಭಟ್ಟಿಗೂ ಇಲ್ಲಿಗೂ ಅಷ್ಟೇ ದೂರ. ಒಳಗೆ ನಿಂತು ಮೇಲೆ ನೋಡಿದರೆ ಬಾವಿಯನ್ನು ತಿರುವಿ ನಿಲ್ಲಿಸಿದಂತೆ ಕಾಣುತ್ತದೆ: ಮೆಟ್ಟಿಲುಗಳು ಸುತ್ತಿ ಸುತ್ತಿ ಏರುತ್ತವೆ, ನಡುವೆ ಬರೀ ಪೊಳ್ಳು. ಆ ಪೊಳ್ಳು ಬೇಕೆಂದೇ ಬಿಟ್ಟದ್ದು. ಇಡೀ ಕಂಬವನ್ನೇ ದೂರದರ್ಶಕ ಮಾಡಿಕೊಂಡು, ನೆಲಮಾಳಿಗೆಯಲ್ಲಿ ಕೂತು ನೆತ್ತಿಯ ಮೇಲೆ ಹಾಯುವ ನಕ್ಷತ್ರವನ್ನು ಅಳೆಯುವ ಆಸೆ ಹುಕ್‌ನದು. ಬೀದಿಯ ಗಾಡಿಗಳ ಅದುರುವಿಕೆ ಅದಕ್ಕೆ ಆಸ್ಪದ ಕೊಡಲಿಲ್ಲ. ಮೆಟ್ಟಿಲುಗಳು ಮಾತ್ರ ಕೆಲಸಕ್ಕೆ ಬಂದವು. ಒಂದೊಂದೂ ಸರಿಯಾಗಿ 6 ಇಂಚು. ನಾನು ಹತ್ತುತ್ತಿದ್ದದ್ದು ಕಲ್ಲಿನ ಅಳತೆಪಟ್ಟಿಯನ್ನು.

ಮೇಲೇರಿದಂತೆ ಗಾಳಿಯ ಒತ್ತಡ ತಗ್ಗಿ ಕೊಳವೆಯ ಪಾದರಸ ಎಷ್ಟು ಇಳಿಯುತ್ತದೆ ಎಂದು ನೋಡಲು 1678ರ ಮೇ ತಿಂಗಳಲ್ಲಿ ಹುಕ್ ಇಲ್ಲಿ ಬ್ಯಾರೋಮೀಟರ್ ಪ್ರಯೋಗ ಮಾಡಿದ. ಮಗಳ ಫೋನಿನಲ್ಲೂ ಗಾಳಿಯ ಒತ್ತಡ ತೋರಿಸುವ ಸೌಲಭ್ಯ ಇತ್ತು. ಕೆಳಗೆ 1009.2 ಮಿಲಿಬಾರ್ ಎಂದು ಬರೆದುಕೊಂಡೆ. ಮೇಲೆ ಹೋಗಿ, ಜಾಲರಿಗೆ ಒರಗಿ ಉಸಿರು ಸುಧಾರಿಸಿಕೊಂಡು ನೋಡಿದರೆ 1003.6. ಲೆಕ್ಕ ಹಾಕಿದೆ: ಪಾದರಸದಲ್ಲಿ ನಾಲ್ಕು ಮಿಲಿಮೀಟರಿಗೆ ತುಸು ಹೆಚ್ಚು. ಥೇಮ್ಸ್ ನದಿಯ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಎಲ್ಲವೂ ಗಾಳಿಯ ನೀರಲ್ಲ. ಮೂರೂವರೆ ಶತಮಾನದ ಹಿಂದೆ ಒಬ್ಬ ಇದೇ ಜಾಗದಲ್ಲಿ ನಿಂತು ಇದೇ ಅಂತರ ಹುಡುಕಿದ್ದ.

ಇಳಿದು ಬಂದು ಕಂಬದ ಬುಡದ ಉತ್ತರ ಮುಖದ ಲ್ಯಾಟಿನ್ ಬರಹದ ಎದುರು ನಿಂತೆವು. ಈ ಬರಹದ ಕೊನೆಯಲ್ಲಿ 1681ರಲ್ಲಿ ಒಂದು ಸಾಲು ಸೇರಿಸಿದ್ದರು: ಇಂಥ ಘೋರ ಎಸಗಿದ ಕ್ಯಾಥೊಲಿಕರ ಉನ್ಮಾದ ಇನ್ನೂ ತಣಿದಿಲ್ಲ ಎಂಬ ಅರ್ಥದ್ದು. ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್ ಪಟ್ಟಕ್ಕೆ ಬಂದಾಗ ಅಳಿಸಿದರು, ಅವನು ಹೋದ ಮೇಲೆ ಮತ್ತೆ ಕೆತ್ತಿದರು, 1830ರಲ್ಲಿ ಕೊನೆಗೂ ತೆಗೆದರು. ಬೆಂಕಿ ಹತ್ತಿದ್ದು ಒಲೆಯಿಂದ. ಆದರೂ ತಾನೇ ಹಚ್ಚಿದೆ ಎಂದು ಒಪ್ಪಿಕೊಂಡ ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರದವನನ್ನು ಗಲ್ಲಿಗೇರಿಸಿದ್ದರು. ಬೆಂಕಿ ಶುರುವಾದ ಎರಡು ದಿನದ ಮೇಲೆ ಅವನು ಲಂಡನ್ನಿಗೆ ಬಂದಿಳಿದದ್ದು ಎಂದು ಆಮೇಲೆ ಗೊತ್ತಾಯಿತು. ಅಷ್ಟು ಕರಾರುವಾಕ್ಕಾಗಿ ಅಳೆದು ಕಟ್ಟಿದ ಕಂಬದ ಮೈಮೇಲೆ ನೂರು ವರ್ಷಕ್ಕೂ ಮಿಕ್ಕಿ ಆ ಸುಳ್ಳು ಕೂತಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅಲ್ಲಿಂದ ರೈಲು ಹಿಡಿದು, ಹೆಣ ಸಿಕ್ಕ ಗುಡ್ಡಕ್ಕೆ ಹತ್ತಿರದ ಚಾಕ್ ಫಾರ್ಮ್ ಕಡೆ ಹೊರಟೆವು. 'ಈ ಊರಿನ ಹಳೇ ಕೊಲಿ ಕಟಗೊಂಡು ನಿನಗೇನವ್ವಾ?' ಎಂದು ಮಗಳು ಕೇಳಿದಳು. ರೈಲಿನಲ್ಲಿ ಅವಳಿಗೆ ಪೂರ್ತಿ ಹೇಳಿದೆ.

ದೊರೆ ಎರಡನೇ ಚಾರ್ಲ್ಸ್‌ಗೆ ವಿಜ್ಞಾನದ ಹುಚ್ಚಿತ್ತು. 1662ರಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಸನ್ನದು ಕೊಟ್ಟ, ಅರಮನೆಯಲ್ಲಿ ಸ್ವಂತ ಪ್ರಯೋಗಶಾಲೆ ಇಟ್ಟುಕೊಂಡಿದ್ದ. 1678ರ ಆಗಸ್ಟ್ 13ರಂದು ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಅವನನ್ನು ತಡೆದು 'ನಿಮ್ಮ ಜೀವಕ್ಕೆ ಅಪಾಯವಿದೆ' ಎಂದು ಎಚ್ಚರಿಸಿದವನು ಕ್ರಿಸ್ಟೋಫರ್ ಕರ್ಕ್‌ಬಿ ಎಂಬ ರಸಾಯನಜ್ಞ. ಕ್ಯಾಥೊಲಿಕರು ದೊರೆಯನ್ನು ಕೊಲ್ಲಲು ಸಂಚು ಹೂಡಿದ್ದಾರೆ ಎಂಬ ಆ ಸುಳ್ಳು ಸುದ್ದಿಯನ್ನು ಹೆಣೆದವನು ಟೈಟಸ್ ಓಟ್ಸ್ ಎಂಬವನು. ರಾಣಿಯ ವೈದ್ಯ ವಿಷ ಹಾಕಲು ಒಪ್ಪಿದ್ದಾನೆ ಎಂದ, ಮುಂದೆ ರಾಣಿಯ ಮೇಲೇ ಆರೋಪ ಹೊರಿಸಿದ. ಆ ರಾಣಿ ಪೋರ್ಚುಗಲ್ಲಿನ ಕ್ಯಾಥರೀನ್, ಮುಂಬೈಯನ್ನು ವರದಕ್ಷಿಣೆಯಾಗಿ ತಂದವಳು. 'ನಮ್ಮ ಧಾರವಾಡ 1956ರ ತನಕ ಮುಂಬಯಿಗೇ ಸೇರಿತ್ತಲ್ಲ, ನಿಮ್ಮಜ್ಜನ ಮುಲ್ಕಿ ಸರ್ಟಿಫಿಕೇಟೂ ಅಲ್ಲೀದೇ' ಅಂದೆ. ಅಲ್ಲಿಂದ ಅವಳು ಕಿವಿಗೊಟ್ಟು ಕೇಳಿದಳು.

ದೊರೆ ತಾನೇ ಓಟ್ಸ್‌ನನ್ನು ಪ್ರಶ್ನಿಸಿದ್ದ. ಓಟ್ಸ್ ತಾನು ಕಂಡಿದ್ದೆ ಎಂದ ಸ್ಪೇನಿನ ರಾಜಮನೆತನದ ಡಾನ್ ಜುವಾನ್ ನೋಡಲು ಹೇಗಿದ್ದಾನೆ ಎಂದು ಕೇಳಿದಾಗ ಓಟ್ಸ್ ಕೊಟ್ಟ ವರ್ಣನೆ ತಪ್ಪಾಗಿತ್ತು. ದೊರೆ ಆ ಮನುಷ್ಯನನ್ನು ಕಣ್ಣಾರೆ ಕಂಡಿದ್ದ. ಒಳ್ಳೆಯ ಪ್ರಯೋಗವೇ. ಅದರ ಫಲಿತಾಂಶ ಯಾರಿಗೂ ಬೇಕಿರಲಿಲ್ಲ. ಯಾಕೆಂದರೆ ಅಷ್ಟರಲ್ಲಿ, ಓಟ್ಸ್‌ನ ಪ್ರಮಾಣ ಹೇಳಿಕೆ ಪಡೆದ ಮ್ಯಾಜಿಸ್ಟ್ರೇಟ್ ಎಡ್ಮಂಡ್ ಬೆರಿ ಗಾಡ್‌ಫ್ರೀ ಅಕ್ಟೋಬರ್ 12ರಂದು ಕಾಣೆಯಾಗಿ, 17ರಂದು ಪ್ರಿಮ್‌ರೋಸ್ ಹಿಲ್ಲಿನ ಹಳ್ಳದಲ್ಲಿ ಹೆಣವಾಗಿ ಸಿಕ್ಕ. ಕ್ಯಾಥೊಲಿಕರೇ ಕೊಂದರು ಎಂದು ಜನ ನಂಬಿದರು.

ನಾವು ಹೋದಾಗ ಗುಡ್ಡ ರಾತ್ರಿಯ ಮಳೆಗೆ ನೆನೆದಿತ್ತು. ಮಕ್ಕಳು, ನಾಯಿಗಳು, ಬೆಂಚಿನ ಮೇಲೆ ಮುದುಕರು, ದೂರದಲ್ಲಿ ಇಡೀ ಲಂಡನ್. ಟಾರಿನ ದಾರಿ ಬಿಟ್ಟು ಹುಲ್ಲಿನ ಇಳಿಜಾರಿನಲ್ಲಿ ಇಳಿದೆ. ಹಳ್ಳ ಎಲ್ಲಿತ್ತೋ ಈಗ ಗುರುತಿಲ್ಲ. ಹತ್ತು ನಿಮಿಷ ಅಡ್ಡಾಡಿ ಕೆಳಗೆ ನೋಡಿಕೊಂಡರೆ ಬೂಟಿನ ಅಂಚಿನ ತನಕ ಕೆಸರು.

ಗಾಡ್‌ಫ್ರೀಯ ಬೂಟುಗಳು ಸ್ವಚ್ಛವಾಗಿದ್ದವು. ಇದನ್ನು ನೂರು ಸಲ ಓದಿದ್ದೆ, ನನ್ನ ನಾಲ್ಕನೇ ಅಧ್ಯಾಯದಲ್ಲಿ ಬರೆದೂ ಇದ್ದೆ. ಆದರೆ ಅದು ನನ್ನ ಕಾಲಿಗೆ ತಿಳಿದದ್ದು ಅವತ್ತೇ. ಅವನು ಇಲ್ಲಿಗೆ ನಡೆದು ಬರಲಿಲ್ಲ, ಯಾರೋ ಹೊತ್ತು ತಂದರು. ಜೇಬಿನ ಹಣ ಹಾಗೇ ಇತ್ತು, ಅಂದರೆ ಕಳ್ಳರ ಕೆಲಸವಲ್ಲ. ಅವನದೇ ಕತ್ತಿ ಮೈ ತೂರಿ ಬೆನ್ನಾಚೆ ಬಂದಿತ್ತು, ಹಳ್ಳದಲ್ಲಿ ರಕ್ತವಿರಲಿಲ್ಲ. ಕುತ್ತಿಗೆಯಲ್ಲಿ ಬಿಗಿದ ಗುರುತಿತ್ತು. ಮೊದಲು ಕುತ್ತಿಗೆ ಬಿಗಿದರು, ಸತ್ತ ಮೇಲೆ ಕತ್ತಿ ಇರಿದರು ಎಂದು ಶಸ್ತ್ರವೈದ್ಯರು ಆಗಲೇ ಹೇಳಿದ್ದರು. ಹುಕ್ ಬರುವ ಅಗತ್ಯವೇ ಇರಲಿಲ್ಲ. ನೋಡಬೇಕಾದದ್ದನ್ನೆಲ್ಲ ಅವರು ನೋಡಿದ್ದರು, ಬರೆದಿಟ್ಟಿದ್ದರು.

ಹೇಗೆ ಸತ್ತ ಎಂಬುದನ್ನು ಹೆಣ ಹೇಳಿತು. ಯಾರು ಎಂಬುದನ್ನು ಹೇಳಲಿಲ್ಲ. ಜನಕ್ಕೆ ಬೇಕಾಗಿದ್ದದ್ದು ಹೆಸರು. ಮೈಲ್ಸ್ ಪ್ರಾನ್ಸ್ ಎಂಬ ಬೆಳ್ಳಿ ಕೆಲಸದವನನ್ನು ಜೈಲಿಗೆ ಹಾಕಿ ಬಾಯಿ ಬಿಡಿಸಿದರು. ಅವನು ಹೆಸರು ಹೇಳಿದ, ದೊರೆಯ ಎದುರು ಸುಳ್ಳೆಂದು ಒಪ್ಪಿಕೊಂಡ, ಮತ್ತೆ ಜೈಲಿಗೆ ಹಾಕಿದಾಗ ಮೊದಲಿನದೇ ನಿಜ ಅಂದ. 1679ರ ಫೆಬ್ರವರಿಯಲ್ಲಿ ಗ್ರೀನ್, ಬೆರಿ, ಹಿಲ್ ಎಂಬ ಮೂವರು ಗಲ್ಲಿಗೇರಿದರು, ರಾಣಿಯ ಅರಮನೆಯ ಸುತ್ತ ಕೆಲಸ ಮಾಡಿಕೊಂಡಿದ್ದ ಸಣ್ಣ ಮನುಷ್ಯರು. ವರ್ಷಗಳ ಮೇಲೆ ಪ್ರಾನ್ಸ್ ತನ್ನ ಸಾಕ್ಷಿ ಸುಳ್ಳೆಂದು ಕೋರ್ಟಿನಲ್ಲಿ ಒಪ್ಪಿಕೊಂಡ.

ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಪೆನ್ಸಿಲಿನಲ್ಲಿ ಒಂದು ಹೆಸರಿತ್ತು: ಪೆಂಬ್ರೋಕ್. ಅರ್ಲ್ ಪದವಿಯ ಆ ಶ್ರೀಮಂತ ಕುಡಿದು ಹೊಡೆದಾಡುವವನು. 1678ರಲ್ಲೇ ಇನ್ನೊಂದು ಮನುಷ್ಯಹತ್ಯೆಯ ಅಪರಾಧಿ ಎಂದು ತೀರ್ಪಾಗಿ, ಶ್ರೀಮಂತ ಮನೆತನದ ಹಕ್ಕು ತೋರಿಸಿ ಬಿಡುಗಡೆಯಾಗಿದ್ದ. ಆ ಮೊಕದ್ದಮೆಗೆ ದಾರಿಮಾಡಿದ ಜ್ಯೂರಿಯ ಮುಖ್ಯಸ್ಥ ಗಾಡ್‌ಫ್ರೀ. ಕಾದಂಬರಿಗೆ ಇದಕ್ಕಿಂತ ಚೆಂದದ ಕೊಲೆಗಾರ ಬೇಕೆ? ಅವನನ್ನೇ ಸಂಶಯಿಸಿದ ಬರಹಗಾರರು ನನಗಿಂತ ಮುಂಚೆಯೂ ಇದ್ದಾರೆ. ಆದರೆ ಈ ಕೊಲೆಗೆ ಅವನ ವಿರುದ್ಧ ಸಾಕ್ಷಿ ಒಂದೂ ಇಲ್ಲ. ಕಥೆ ಮುಗಿಯಬೇಕು ಎಂಬುದಷ್ಟೇ ನನ್ನ ಕಾರಣ. 1679ರಲ್ಲಿ ಲಂಡನ್ನಿನವರಿಗೂ ಅದೇ ಕಾರಣವಿತ್ತು.

ಬೆಂಚಿನ ಮೇಲೆ ಕೂತು ಆ ಹೆಸರನ್ನು ಅಳಿಸಿದೆ. 'ಮತ್ತ ಪತ್ತೇದಾರಿ ಕಾದಂಬರಿ ಓದವರು ಕೊಲಿ ಯಾರು ಮಾಡಿದ್ರು ಅಂತ ಕೇಳೋದಿಲ್ಲೇನು?' ಮಗಳ ಪ್ರಶ್ನೆ.

'ಕೇಳ್ತಾರ. ನಾನೂ ಕೇಳಾಕತ್ತೀನಿ.'

ಮನೆಗೆ ಬಂದ ಮೇಲೆ ಬೂಟು ತೊಳೆಯಲು ಅವಳು ಕೈ ಹಾಕಿದಳು, ಬೇಡವೆಂದು ಬಾಗಿಲ ಹತ್ತಿರ ಹಾಗೇ ಇಡಿಸಿದೆ. ರಾತ್ರಿ ಹನ್ನೆರಡನೇ ಅಧ್ಯಾಯ ಶುರು ಮಾಡಿದೆ. ಹುಕ್ ಅದರಲ್ಲಿ ಬರುವುದಿಲ್ಲ. ರಾಬರ್ಟ್ ಗ್ರೀನ್ ರಾಣಿಯ ಪ್ರಾರ್ಥನಾ ಮಂದಿರದಲ್ಲಿದ್ದಾನೆ, ಬೆಳಗಿನ ಪೂಜೆಗೆ ಬರುವವರು ಮೊಣಕಾಲೂರಲೆಂದು ಒಂದೊಂದೇ ದಿಂಬು ಹಾಸುತ್ತಿದ್ದಾನೆ. ದಿನವೂ ಅವನ ಕೆಲಸ ಅದೇ.