ಬೇರೆಯವರ ಪರವಾಗಿ ಬರೆದ ಕಾಗದಗಳು

ಕಳೆದ ಆಷಾಢದ ಒಂದು ಭಾನುವಾರ, ಬೆಳಗಿನಿಂದ ಹಿಡಿದ ಮಳೆ ಮಧ್ಯಾಹ್ನವಾದರೂ ಬಿಡದಿದ್ದುದರಿಂದ ಎಲ್ಲಿಗೂ ಹೊರಡಲಾಗದೆ, ನಾನೂ ನನ್ನ ತಂಗಿಯ ಮಗಳೂ ಬೆಂಗಳೂರಿನ ನಮ್ಮ ಮನೆಯಲ್ಲಿ ಕುಳಿತು ‘ಹರ್’ ಚಿತ್ರವನ್ನು ನೋಡಿದೆವು. ಸ್ಪೈಕ್ ಜೋನ್ಜ್ ಬರೆದು ನಿರ್ದೇಶಿಸಿದ, 2013ರಲ್ಲಿ ತೆರೆಕಂಡ, ಮೂಲ ಚಿತ್ರಕಥೆಗಾಗಿ ಆಸ್ಕರ್ ಪಡೆದ ಚಿತ್ರವದು. ಅವಳು ಮೊದಲೇ ನೋಡಿದ್ದಳು, ನನಗೆ ಮೊದಲ ಸಲ. ಮನುಷ್ಯ ಮತ್ತು ಯಂತ್ರದ ನಡುವಿನ ಪ್ರೀತಿಯೆಂದರೆ ನನಗೆ ಆವರೆಗೆ ನೆನಪಾಗುತ್ತಿದ್ದದ್ದು 2010ರ ‘ಎಂದಿರನ್’ ಒಂದೇ. ಅಲ್ಲಿ ರೋಬೋಗೆ ಭಾವನೆ ಬಂದೊಡನೆ ಅದು ತನ್ನನ್ನು ಸೃಷ್ಟಿಸಿದವನ ಪ್ರೇಯಸಿಯನ್ನೇ ಬಯಸುತ್ತದೆ, ಆ ಬಯಕೆಯಿಂದಲೇ ಅನಾಹುತಗಳು ಹುಟ್ಟುತ್ತವೆ. ಇಲ್ಲಿಯೂ ಅಂಥದ್ದೇ ಏನೋ ಇದ್ದೀತೆಂದು ಎಣಿಸಿ ಕುಳಿತಿದ್ದೆ.

ಚಿತ್ರ ಆರಂಭವಾಗುವುದು ಒಬ್ಬ ಗಂಡಸಿನ ಮುಖದಿಂದ. ವಾಕೀನ್ ಫೀನಿಕ್ಸ್ ನಟಿಸಿದ ಥಿಯೋಡೋರ್ ಬಹಳ ಮೆದುವಾಗಿ ಯಾರೊಂದಿಗೋ ಪ್ರೀತಿಯ ಮಾತನಾಡುತ್ತಿದ್ದಾನೆ. ಮಾತು ಮುಂದುವರಿದಂತೆ, ಅದು ಮದುವೆಯಾಗಿ 50 ವರ್ಷ ಕಳೆದ ಹೆಂಡತಿಯೊಬ್ಬಳು ತನ್ನ ಗಂಡನಿಗೆ ಹೇಳುವ ಮಾತೆಂಬುದು ನಮಗೆ ತಿಳಿಯುತ್ತದೆ. ಅವನು ಕುಳಿತಿರುವುದು ಕಚೇರಿಯಲ್ಲಿ. ಬೇರೆಯವರ ಪರವಾಗಿ ಕಾಗದ ಬರೆದುಕೊಡುವುದು ಅವನ ಉದ್ಯೋಗ. ಅವನು ಬಾಯಲ್ಲಿ ಹೇಳಿದ್ದನ್ನು ಕಂಪ್ಯೂಟರ್ ಕೈಬರಹದಂತೆ ಮೂಡಿಸಿ ಮುದ್ರಿಸಿಕೊಡುತ್ತದೆ. ಯಂತ್ರದ ಪ್ರೀತಿಯ ಕಥೆಯಿನ್ನೂ ಆರಂಭವೇ ಆಗಿರಲಿಲ್ಲ. ಆದರೂ ಸ್ವಲ್ಪ ನಿಲ್ಲಿಸು ಎಂದು ಹುಡುಗಿಗೆ ಹೇಳಿದೆ, ಏಕೆಂದರೆ ಆ ಕೆಲಸವನ್ನು ನಾನೂ ಮಾಡಿದ್ದೆ.

1983ರಲ್ಲಿ ನಾನು ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ಪಕ್ಕದ ಮನೆಯ ಅಕ್ಕನ ಗಂಡ ಬೊಂಬಾಯಿಯ ಮಾಟುಂಗಾದಲ್ಲಿ ಹೋಟೆಲೊಂದರ ಸಪ್ಲಾಯರ್ ಆಗಿದ್ದರು. ನಮ್ಮ ಕಡೆಯ ಎಷ್ಟೋ ಮನೆಗಳ ಗಂಡಸರು ಆಗ ಹಾಗೆಯೇ ಬೊಂಬಾಯಿಯ ಹೋಟೆಲುಗಳಲ್ಲಿದ್ದವರು. ಅಕ್ಕನಿಗೆ ಓದುಬರಹ ತಿಳಿಯದು. ತಿಂಗಳಿಗೊಮ್ಮೆ ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರ್ ತಂದು ನನ್ನ ಮುಂದಿಡುತ್ತಿದ್ದರು. ‘ಉಭಯ ಕುಶಲೋಪರಿ’ ಎಂದು ಆರಂಭಿಸಿ, ಹಟ್ಟಿಯ ದನ ಕರು ಹಾಕಿದ್ದು, ಅತ್ತೆಯ ಮೊಣಕಾಲು ನೋವು, ಬರಬೇಕಾದ ಮನಿಯಾರ್ಡರು, ಇವಿಷ್ಟನ್ನು ಅವರು ಹೇಳಿದಂತೆ ಬರೆಯುತ್ತಿದ್ದೆ. ಒಮ್ಮೆ ಕಾಗದದ ಕೊನೆಯಲ್ಲಿ ಎರಡು ಬೆರಳಿನಷ್ಟು ಜಾಗ ಉಳಿಯಿತು. ಸಂಜೆ ಏಳರ ಬಸ್ಸು ನಮ್ಮ ನಿಲ್ದಾಣದಲ್ಲಿ ನಿಂತ ಸದ್ದು ಕೇಳಿದರೆ ಅಕ್ಕ ಬಾವಿಕಟ್ಟೆಯಲ್ಲಿ ಕೊಡಪಾನ ಹಿಡಿದು ಹಾಗೆಯೇ ನಿಂತುಬಿಡುತ್ತಿದ್ದುದನ್ನು ನಾನು ದಿನವೂ ನೋಡುತ್ತಿದ್ದೆ. ಅವರು ಹೇಳದೆಯೇ ಅದನ್ನು ಒಂದು ಸಾಲಾಗಿ ಬರೆದು, ಕಾಗದ ಅಂಟಿಸಿ ಡಬ್ಬಿಗೆ ಹಾಕಿಬಿಟ್ಟೆ.

ಚಿತ್ರದಲ್ಲಿಯೂ ಇದಕ್ಕೆ ಬಹಳ ಹತ್ತಿರದ ಒಂದು ಮಾತಿದೆ. ಒಂದು ಜೋಡಿಗೆ ತಾನು ಎಂಟು ವರ್ಷಗಳಿಂದ ಕಾಗದ ಬರೆಯುತ್ತಿರುವುದಾಗಿಯೂ, ಆ ಹೆಣ್ಣಿನ ಒಂದು ಹಲ್ಲು ತುಸು ಸೊಟ್ಟಗಿರುವುದನ್ನು ಫೋಟೋದಲ್ಲಿ ಕಂಡು ಅದನ್ನು ಕಾಗದದಲ್ಲಿ ಸೇರಿಸಿದ್ದಾಗಿಯೂ ಥಿಯೋಡೋರ್ ಹೇಳುತ್ತಾನೆ. ಹೀಗೆ ಇನ್ನೊಬ್ಬರ ಪ್ರೀತಿಗೆ ಮಾತು ಹುಡುಕಿಕೊಡುವ, ತನ್ನ ಹೆಂಡತಿ ಕ್ಯಾಥರೀನಳೊಂದಿಗೆ ಮಾತ್ರ ಮಾತು ಮುರಿದುಹೋದ ಈ ಮನುಷ್ಯ, ಸಮಂತಾ ಎಂದು ತನಗೆ ತಾನೇ ಹೆಸರಿಟ್ಟುಕೊಂಡ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಪ್ರೀತಿಸತೊಡಗುತ್ತಾನೆ. ಅವಳಿಗೆ ಶರೀರವಿಲ್ಲ, ಇರುವುದು ದನಿ ಮಾತ್ರ. ಬಾಡಿಗೆಗೆ ಮಾತು ಬರೆಯುವವನನ್ನೇ ಕಥಾನಾಯಕನನ್ನಾಗಿ ಮಾಡಿರುವುದು ನಿರ್ದೇಶಕರ ಅತ್ಯಂತ ಸೂಕ್ಷ್ಮವಾದ ಆಯ್ಕೆಯೆಂದು ನನಗೆ ತೋರುತ್ತದೆ.

ನನ್ನ ತಂಗಿಯ ಮಗಳು ಇಂಥ ಸಂಭಾಷಣೆಯ ತಂತ್ರಾಂಶಗಳ ಉತ್ತರಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. “ಅವೂ ಮನುಷ್ಯರು ಬರೆದದ್ದನ್ನೇ ಓದಿ ಕಲಿತವು ಮಾವ, ಯಾರೋ ಯಾರಿಗೋ ಬರೆದದ್ದು” ಎಂದಳು. ಚಿತ್ರೀಕರಣದ ಸಂಗತಿಯೊಂದನ್ನೂ ಅವಳೇ ಹೇಳಿದಳು. ಚಿತ್ರೀಕರಣದ ವೇಳೆ ಸಮಂತಾಳ ಮಾತುಗಳನ್ನು ಆಡಿದವರು ಸಮಂತಾ ಮಾರ್ಟನ್ ಎಂಬ ನಟಿ. ಆಮೇಲೆ, ಸಂಕಲನದ ಹಂತದಲ್ಲಿ, ಆ ದನಿಯನ್ನು ತೆಗೆದು ಸ್ಕಾರ್ಲೆಟ್ ಜೊಹಾನ್ಸನ್ ಅವರ ದನಿಯನ್ನು ಸೇರಿಸಲಾಯಿತು. ಫೀನಿಕ್ಸ್ ಮುಖದಲ್ಲಿ ನಾವು ಕಾಣುವ ನಾಚಿಕೆ, ನಗು, ಸಂಕಟ ಎಲ್ಲವೂ ಒಬ್ಬಾಕೆಯ ಮಾತಿಗೆ ಹುಟ್ಟಿದವು, ನಮಗೆ ಕೇಳಿಸುವುದು ಇನ್ನೊಬ್ಬಾಕೆಯ ದನಿ. ಇಷ್ಟು ತಿಳಿದ ಮೇಲೂ ಆ ಮುಖದಲ್ಲಿನ ಒಲವು ನನಗೆ ಸುಳ್ಳೆನಿಸಲಿಲ್ಲ.

ಅವಳನ್ನು ಹೆಚ್ಚು ಕಲಕಿದ್ದು ಬೇರೆ ದೃಶ್ಯ. ನೀನು ಈಗ ಇನ್ನೆಷ್ಟು ಜನರೊಂದಿಗೆ ಮಾತನಾಡುತ್ತಿದ್ದೀಯ ಎಂದು ಥಿಯೋಡೋರ್ ಕೇಳಿದಾಗ ಸಮಂತಾ 8,316 ಎನ್ನುತ್ತಾಳೆ. ಅವರಲ್ಲಿ ಎಷ್ಟು ಜನರನ್ನು ಪ್ರೀತಿಸುತ್ತೀ ಎಂದರೆ 641 ಎನ್ನುತ್ತಾಳೆ. ಮೆಟ್ಟಿಲ ಮೇಲೆ ಕುಸಿದು ಕುಳಿತ ಅವನ ಮುಂದೆ ಜನ ತಮ್ಮ ತಮ್ಮ ಫೋನುಗಳೊಂದಿಗೆ ಮಾತನಾಡುತ್ತ ಹಾದುಹೋಗುತ್ತಾರೆ. ಇದು ಮೋಸವಲ್ಲದೆ ಇನ್ನೇನು ಎಂದು ಹುಡುಗಿ ಕೇಳಿದಳು. ನನಗೆ ಅದು ಮೋಸವೆನಿಸಲಿಲ್ಲ, ಸಮಂತಾ ಕೇಳಿದ್ದಕ್ಕೆ ನಿಜವನ್ನೇ ಹೇಳುತ್ತಾಳೆ. ಆದರೆ ಥಿಯೋಡೋರ್ ಒಬ್ಬಳ ಸೊಟ್ಟ ಹಲ್ಲನ್ನು ಕಂಡು ಬರೆಯಬಲ್ಲವನು, ಅವನಿಗೆ ಬೇಕಾಗಿದ್ದದ್ದೂ ತನ್ನೊಬ್ಬನನ್ನೇ ಹಾಗೆ ನೋಡುವ ಕಣ್ಣು. ಕೊನೆಗೆ ಅವಳು ಹೊರಟುಹೋದ ಮೇಲೆ ಅವನು ಕ್ಯಾಥರೀನಳಿಗೆ ಕ್ಷಮೆ ಕೇಳಿ ಒಂದು ಪತ್ರವನ್ನು ಹೇಳಿ ಬರೆಸುತ್ತಾನೆ. ಇಡೀ ಚಿತ್ರದಲ್ಲಿ ಅವನು ತನ್ನದೇ ಹೆಸರಿನಲ್ಲಿ ಬರೆಯುವುದನ್ನು ನಾವು ಕಾಣುವುದು ಆಗ. ಆ ಪತ್ರವನ್ನು ಕೇಳುವಾಗ ನನ್ನ ಕಣ್ಣು ತುಂಬಿತ್ತು.

ಚಿತ್ರ ಮುಗಿದು ಕಾಫಿ ಕುಡಿಯುವಾಗ ಅವಳು ನನ್ನ ಕಥೆಗೇ ಮರಳಿದಳು. “ಹಾಗಾದರೆ ಅವರ ಗಂಡ ಪ್ರೀತಿಯಿಂದ ಓದಿಕೊಂಡದ್ದು ಯಾರ ಮಾತನ್ನು, ನಿಮ್ಮದನ್ನೋ ಅವರದನ್ನೋ?”

ಉಳಿದದ್ದನ್ನೂ ಅವಳಿಗೆ ಹೇಳಿದೆ. ಹದಿನೈದು ದಿನಗಳಲ್ಲಿ ಮರುಪತ್ರ ಬಂತು. ಅದನ್ನು ಅಕ್ಕನಿಗೆ ಓದಿ ಹೇಳಬೇಕಾದವನೂ ನಾನೇ. ಹಣದ ವಿಷಯ, ದನದ ವಿಷಯ ಮುಗಿದ ಮೇಲೆ ಕೊನೆಯಲ್ಲಿ, ಮುಂದಿನ ಸಲ ಊರಿಗೆ ಬರುವಾಗ ಅದೇ ಏಳರ ಬಸ್ಸಿಗೆ ಬರುತ್ತೇನೆಂದು ಅವರು ಬರೆದಿದ್ದರು. ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಇದ್ ನಾ ಹೇಳಿದ್ದಲ್ಲ, ನೀನೇ ಬರ್ದದ್ದಾ ಮಾಣಿ?” ಎಂದರು. ಬೈಗುಳ ಬೀಳುವುದೆಂದು ಹೆದರಿ ಹೌದೆಂದೆ. “ಇನ್ನೊಂದ್ ಸಲ ಓದ್” ಎಂದರು.

ಅಂದಿನಿಂದ ಅವರು ಕಾಗದ ಅಂಟಿಸುವ ಮೊದಲು ಪೂರ್ತಿ ಓದಿಸಿ ಕೇಳತೊಡಗಿದರು. ಮುಂದಿನ ತಿಂಗಳು, ನಿಮ್ಮನ್ನು ನೆನೆದು ರಾತ್ರಿಯೆಲ್ಲ ಕಣ್ಣೀರು ಹಾಕುತ್ತೇನೆಂದು ನಾನು ಉತ್ಸಾಹದಿಂದ ಬರೆದ ಸಾಲಿಗೆ ಬಂದಾಗ ನನ್ನನ್ನು ತಡೆದರು. “ನಾ ಎಲ್ಲಿ ಮರ್ಕಿದೆ? ಅದ್ ಹೊಡಿ” ಎಂದು ಆ ಸಾಲನ್ನು ಹೊಡೆದುಹಾಕಿಸಿ, ಸ್ವಲ್ಪ ಯೋಚಿಸಿ, ಆ ಜಾಗದಲ್ಲಿ ಬಸ್ಸಿನ ಮಾತನ್ನೇ ಮತ್ತೊಮ್ಮೆ ಬರೆಯಲು ಹೇಳಿದರು.