ಹಳೆಯ ಸ್ಪೋರ್ಟ್ಸ್ ಕಾರಿನ ಜಿಗುಟು ಗುಂಡಿಗಳು

ಹೊರದೇಶದಲ್ಲಿ ನೆಲೆಸಿದ ನಮ್ಮಂಥ ಕೆಲವರಿಗೆ ಹಳೆಯ ಸ್ಪೋರ್ಟ್ಸ್ ಕಾರಿನ ಗೀಳು ಹತ್ತಿಕೊಳ್ಳುವುದೇಕೆ ಎಂದು ಊರಿನಲ್ಲಿರುವ ಗೆಳೆಯರು ಆಗಾಗ ಕೇಳುವುದುಂಟು. ಹೊಸದಾಗಿದ್ದಾಗ ಸಂಬಳದಾರರು ದೂರದಿಂದ ನೋಡಿ ಸಂತೋಷಪಡಬಹುದಾಗಿದ್ದ ಕೆಲವು ಕಾರುಗಳು ಇಪ್ಪತ್ತು ವರ್ಷ ಕಳೆದ ಮೇಲೆ ಸಾಧಾರಣವಾದ ಹೊಸ ಕಾರೊಂದರ ಬೆಲೆಗೇ ಸಿಗುತ್ತವೆ ಎಂಬುದು ಅದಕ್ಕೆ ಉತ್ತರ. ಬೆಲೆ ಇಳಿದರೂ ರಿಪೇರಿಯ ಖರ್ಚು ಇಳಿದಿರುವುದಿಲ್ಲ ಎಂಬುದು ಕೊಂಡ ಮೇಲೆ ತಿಳಿಯುವ ಸಂಗತಿ. ನಾನು ಕೊಂಡ ಕಾರಿನಲ್ಲಿ ಎಂಜಿನ್, ಗೇರುಗಳು, ಚರ್ಮದ ಆಸನಗಳು ಎಲ್ಲವೂ ಸುಸ್ಥಿತಿಯಲ್ಲಿದ್ದವು. ಆದರೆ ಕಿಟಕಿಯ ಗಾಜು ಇಳಿಸಲು ಗುಂಡಿಯನ್ನು ಒತ್ತಿದರೆ ಬೆರಳ ತುದಿಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತಿತ್ತು. ಎಸಿಯ ತಿರುಗುಗುಂಡಿಯ ಮೇಲೆ ಹಿಂದಿನ ಮಾಲೀಕರ ಉಗುರಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು.

ಇದನ್ನು ಕೊಳೆಯೆಂದು ಭಾವಿಸುವವರೇ ಹೆಚ್ಚು, ಆದರೆ ಇದು ಕೊಳೆಯಲ್ಲ. 1990ರ ದಶಕದಿಂದೀಚೆಗೆ ದುಬಾರಿ ಕಾರುಗಳ ಒಳಭಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಅಗ್ಗದ ಸ್ಪರ್ಶವನ್ನು ಮರೆಮಾಡಲು ಅದರ ಮೇಲೆ ರಬ್ಬರಿನಂತೆ ಮೃದುವಾಗಿರುವ, ಹೊಳಪಿಲ್ಲದ ತೆಳುವಾದ ಲೇಪವೊಂದನ್ನು ಬಳಿಯುವ ಪದ್ಧತಿ ಹಬ್ಬಿತು. ಈ ಲೇಪ ಬಹುಮಟ್ಟಿಗೆ ಪಾಲಿಯುರೆಥೇನ್ ವರ್ಗಕ್ಕೆ ಸೇರಿದ್ದು. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಈ ವಸ್ತು ಹಾಸಿಗೆಯ ಸ್ಪಂಜಿನಿಂದ ಹಿಡಿದು ಬೂಟಿನ ಅಟ್ಟೆಯವರೆಗೆ ಎಲ್ಲೆಡೆ ಇದೆ. ಅದರಲ್ಲಿ ಎಸ್ಟರ್ ಎಂಬ ರಾಸಾಯನಿಕ ಬಂಧಗಳಿರುವ ಬಗೆಯನ್ನು ಗಾಳಿಯ ತೇವವೇ ನಿಧಾನವಾಗಿ ಒಡೆಯುತ್ತದೆ. ಒಡೆದಾಗ ಹುಟ್ಟುವ ಆಮ್ಲವು ಉಳಿದ ಬಂಧಗಳು ಒಡೆಯುವುದನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ, ವರ್ಷಗಟ್ಟಲೆ ಸರಿಯಾಗಿದ್ದ ಗುಂಡಿ ಒಂದು ಹಂತ ದಾಟಿದ ಮೇಲೆ ಬೇಗನೆ ಜಿಗುಟಾಗುತ್ತದೆ. ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನ ಶಾಖ, ಕೈಯ ಬೆವರು, ಚರ್ಮಕ್ಕೆ ಹಚ್ಚಿದ ಕ್ರೀಮು ಇವೆಲ್ಲ ಆ ಕೆಲಸಕ್ಕೆ ನೆರವಾಗುತ್ತವೆ. ಆದರೆ ಗಾಳಿಯ ತೇವವೊಂದೇ ಸಾಕಾಗುವುದರಿಂದ ಓಡಿಸದೆ ಜತನವಾಗಿಟ್ಟ ಕಾರಿಗೂ ಇದರಿಂದ ಬಿಡುಗಡೆಯಿಲ್ಲ. ಹಳೆಯ ಕ್ಯಾಮೆರಾ, ದುರ್ಬೀನು, ಕಂಪ್ಯೂಟರ್ ಮೌಸುಗಳು ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಅಂಟಂಟಾಗುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ವಸ್ತುವೇ ಕರಗುತ್ತಿರುವಾಗ ಅದನ್ನು ತೊಳೆದು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ. ಟಾಲ್ಕಮ್ ಪೌಡರ್ ಸವರಿದರೆ ಕೆಲವು ದಿನ ಕೈಗೆ ಅಂಟುವುದಿಲ್ಲ, ಅಷ್ಟೇ. ಲೇಪವನ್ನು ಪೂರ್ತಿಯಾಗಿ ತೆಗೆಯುವುದೊಂದೇ ದಾರಿ. ಗ್ಯಾರೇಜಿನವರು ಇಂಥ ಕೆಲಸಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಕೂಲಿ ಕಟ್ಟುವವರಿಗೆ ಒಂದೊಂದೇ ಗುಂಡಿಯನ್ನು ಉಜ್ಜುತ್ತ ಕೂರುವುದಕ್ಕಿಂತ ಬಿಡಿಭಾಗವನ್ನೇ ಬದಲಾಯಿಸುವುದು ಲಾಭ. ಆದರೆ ಇಷ್ಟು ಹಳೆಯ ಮಾದರಿಯ ಬಿಡಿಭಾಗ ಸಿಗುವುದೇ ಅಪರೂಪ, ಸಿಕ್ಕರೂ ದಾಸ್ತಾನಿನಲ್ಲಿ ಕುಳಿತಿದ್ದ ಅದು ಅದೇ ಲೇಪ, ಅದೇ ವಯಸ್ಸಿನದಾಗಿರುತ್ತದೆ. ಆದ್ದರಿಂದ ಇಲ್ಲಿ ವಾರದ ರಜೆಯಲ್ಲಿ ತಾವೇ ಸ್ಕ್ರೂ ಡ್ರೈವರ್ ಹಿಡಿಯುವವರು ಬಹಳ ಮಂದಿ, ನಾನೂ ಅವರಲ್ಲಿ ಒಬ್ಬ.

ಗುಂಡಿಗಳನ್ನು ಕಾರಿನಲ್ಲಿದ್ದಂತೆಯೇ ಒರೆಸುವುದು ಸುಲಭವೆನಿಸಿದರೂ ದ್ರವ ಒಳಗಿಳಿದು ಸ್ವಿಚ್ಚಿನ ಸಂಪರ್ಕಗಳನ್ನು ಸೇರುವ ಅಪಾಯವಿರುವುದರಿಂದ ಬಿಚ್ಚುವುದೇ ಮೇಲು. ಮೊದಲು ಬ್ಯಾಟರಿಯ ಋಣ (ನೆಗೆಟಿವ್) ತಂತಿಯನ್ನು ಕಳಚಬೇಕು. ಅದಕ್ಕೂ ಮುನ್ನ ರೇಡಿಯೊದ ಗುಪ್ತಸಂಖ್ಯೆ ಕೈಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಕಾಲದ ಅನೇಕ ರೇಡಿಯೊಗಳು ವಿದ್ಯುತ್ ತಪ್ಪಿದರೆ ಸಂಖ್ಯೆ ಕೊಡದೆ ಬಾಯಿ ಬಿಡುವುದಿಲ್ಲ. ಸ್ಟೀರಿಂಗಿನ ಮೇಲಿನ ಗುಂಡಿಗಳ ಹಿಂದೆ ಏರ್‌ಬ್ಯಾಗ್ ಇರುತ್ತದೆ. ಬ್ಯಾಟರಿ ಕಳಚಿದ ಮೇಲೂ ಅದರ ಸರ್ಕಿಟ್ಟಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದಾದ್ದರಿಂದ ಆ ಭಾಗವನ್ನು ತಿಳಿದವರಿಗೆ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಉಳಿದವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ತೆಗೆಯಬಹುದು. ಚಳಿಯಲ್ಲಿ ಹಳೆಯ ಕ್ಲಿಪ್ಪುಗಳು ಪಟಕ್ಕನೆ ಮುರಿಯುವುದರಿಂದ ಕಾರಿನ ಒಳಗನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು.

ಲೇಪವನ್ನು ಕರಗಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕಾಗುತ್ತದೆ. ಬೇಗ ಮುಗಿಯಲೆಂದು ಅಸಿಟೋನನ್ನೋ ಥಿನ್ನರನ್ನೋ ಮುಟ್ಟಬಾರದು. ಗುಂಡಿಗಳ ಒಡಲಾದ ಎಬಿಎಸ್ ಪ್ಲಾಸ್ಟಿಕ್ ಅಸಿಟೋನಿನಲ್ಲಿ ಕರಗುತ್ತದೆ, ಪಾಲಿಕಾರ್ಬೊನೇಟ್ ಆಗಿದ್ದರೆ ಬಿರುಕು ಬಿಡುತ್ತದೆ. ಆಲ್ಕೋಹಾಲನ್ನೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಬಟ್ಟೆಯನ್ನು ಅದರಲ್ಲಿ ನೆನೆಸಿ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಹೊದಿಸಿಟ್ಟರೆ ಲೇಪ ಕಾಡಿಗೆಯಂತೆ ಎದ್ದು ಬರುತ್ತದೆ. ಅದೇ ಬಟ್ಟೆಯಲ್ಲಿ ಮತ್ತೆ ಉಜ್ಜಿದರೆ ಎದ್ದದ್ದು ಪುನಃ ಬಳಿದುಕೊಳ್ಳುವುದರಿಂದ ಬಟ್ಟೆಯನ್ನು ಬದಲಾಯಿಸುತ್ತಿರಬೇಕು. ಆಲ್ಕೋಹಾಲಿನ ಆವಿಗೆ ಕೋಣೆಯ ಸಾಧಾರಣ ಉಷ್ಣತೆಯಲ್ಲೇ ಬೆಂಕಿ ಹತ್ತಬಲ್ಲದು. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಹೀಟರ್ ಉರಿಯುತ್ತಿರಬಾರದು, ಕೈಗೆ ಗ್ಲೌಸ್ ಇರಬೇಕು.

ಇಷ್ಟು ಎಲ್ಲರೂ ಮಾಡಬಲ್ಲ ಕೆಲಸ. ಕಷ್ಟವಿರುವುದು ರಾತ್ರಿ ಬೆಳಗುವ ಚಿಹ್ನೆಗಳಿರುವ ಗುಂಡಿಗಳಲ್ಲಿ. ಇಂಥ ಅನೇಕ ಗುಂಡಿಗಳ ಒಡಲು ಕಪ್ಪಲ್ಲ, ಬೆಳಕು ಹಾಯುವ ಬಿಳಿಯ ಪ್ಲಾಸ್ಟಿಕ್. ಅದರ ಮೇಲೆ ಕಪ್ಪು ಬಣ್ಣ ಬಳಿದು, ಚಿಹ್ನೆ ಇರಬೇಕಾದಲ್ಲಿ ಮಾತ್ರ ಆ ಬಣ್ಣವನ್ನು ಲೇಸರಿನಿಂದ ಸುಟ್ಟು ತೆಗೆದಿರುತ್ತಾರೆ. ಜಿಗುಟು ಲೇಪವು ಈ ಕಪ್ಪು ಬಣ್ಣದ ಮೇಲಿನ ಬೇರೆ ಪದರವಾಗಿದ್ದರೆ ಅದನ್ನಷ್ಟೇ ತೆಗೆದು ಚಿಹ್ನೆಯನ್ನು ಉಳಿಸಿಕೊಳ್ಳಬಹುದು. ಕಪ್ಪು ಬಣ್ಣವೇ ಜಿಗುಟು ಲೇಪವಾಗಿದ್ದರೆ ಎರಡೂ ಒಟ್ಟಿಗೆ ಹೋಗಿ ಕೈಯಲ್ಲಿ ಬೋಳು ಬಿಳಿ ಗುಂಡಿ ಉಳಿಯುತ್ತದೆ. ಹೊರನೋಟಕ್ಕೆ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕಾಗಿ ಇಯರ್‌ಬಡ್ಡಿನಿಂದ ಅಂಚಿನಲ್ಲಿ ಆರಂಭಿಸಿ, ಒಂದೊಂದು ಸಲ ಒರೆಸಿದ ಮೇಲೂ ಹಿಂದಿನಿಂದ ಟಾರ್ಚ್ ಹಿಡಿದು ನೋಡಬೇಕು. ಚಿಹ್ನೆಯ ಹೊರಗೆ ಬೆಳಕಿನ ಚುಕ್ಕೆಗಳು ಕಂಡೊಡನೆ ನಿಲ್ಲಿಸಬೇಕು, ಆಗ ಸ್ವಲ್ಪ ಜಿಗುಟು ಉಳಿದಿದ್ದರೂ ಸರಿಯೇ. ಪೂರ್ತಿ ಅಳಿಸಿಹೋದ ಗುಂಡಿಗೆ ಮತ್ತೆ ಬಣ್ಣ ಹೊಡೆದು ಲೇಸರಿನಿಂದ ಚಿಹ್ನೆ ಕೊರೆದುಕೊಡುವ ವೃತ್ತಿಪರರಿದ್ದಾರೆ. ಬೆಳಗುವ ಗುಂಡಿಗಳನ್ನು ಮೊದಲಿನಿಂದಲೇ ಅವರಿಗೆ ಕಳುಹಿಸುವುದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ.

ಲೇಪ ಹೋದ ಮೇಲೆ ಉಳಿಯುವ ಗಟ್ಟಿ ಕಪ್ಪು ಪ್ಲಾಸ್ಟಿಕ್ಕನ್ನು ಹಾಗೆಯೇ ಬಿಡುವುದು ನನಗೆ ಇಷ್ಟ. ಮೂಲದ ಮೃದು ಸ್ಪರ್ಶವೇ ಬೇಕೆಂದು ಹೊಸದಾಗಿ ರಬ್ಬರಿನಂಥ ಬಣ್ಣ ಹೊಡೆಸುವವರಿದ್ದಾರೆ. ಅದೇ ಬಗೆಯ ಲೇಪ ಮತ್ತೆ ಬಂದರೆ ಅದೇ ತೊಂದರೆಯೂ ವರ್ಷಗಳ ನಂತರ ಮತ್ತೆ ಬರುತ್ತದೆ ಎಂಬುದು ನನ್ನ ತಕರಾರು. ಗೀರುಗಳು ಎದ್ದು ಕಾಣುವಂತಿದ್ದರೆ ನಯವಾದ ಮರಳುಕಾಗದದಿಂದ ತೀಡಿ, ಪ್ರೈಮರ್ ಹಾಕಿ, ಹೊಳಪು ಕಡಿಮೆಯಿರುವ ಕಪ್ಪು ಬಣ್ಣವನ್ನು ತೆಳುವಾಗಿ ಸಿಂಪಡಿಸಬಹುದು. ಬೆಳ್ಳಿಬಣ್ಣ ಸವೆದ ತಿರುಗುಗುಂಡಿಗಳಿಗೂ ಇದೇ ಕ್ರಮ, ಬಣ್ಣ ಮಾತ್ರ ಬೇರೆ. ಒಣಗಿತೆಂದು ಕಂಡರೂ ಬಣ್ಣ ಪೂರ್ತಿ ಗಟ್ಟಿಯಾಗಲು ದಿನಗಳು ಬೇಕು. ಅದಕ್ಕೆ ಮುನ್ನ ಜೋಡಿಸಿದರೆ ಮೊದಲ ಸಲ ಒತ್ತಿದ ಬೆರಳಿನ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಒತ್ತಿದ ಗುಂಡಿ ಹಿಂದಕ್ಕೆ ಬಾರದಿದ್ದರೆ ಅದು ಬೇರೆಯೇ ಸಮಸ್ಯೆ. ಅದಕ್ಕೆ ಒಳಗೆ ಚೆಲ್ಲಿದ ಸಿಹಿ ಪಾನೀಯವೋ ಅಂಚಿನಲ್ಲಿ ಇಳಿದು ನಿಂತ ಇದೇ ಲೇಪವೋ ಕಾರಣವಾಗಿರುತ್ತದೆ. ಗುಂಡಿ ಜಾರುವ ಸಂದನ್ನು ಆಲ್ಕೋಹಾಲಿನಿಂದ ಒರೆಸಿ, ಸಂಪರ್ಕಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪೂರ್ತಿ ಆರಲು ಬಿಟ್ಟರೆ ಬಹುಪಾಲು ಸರಿಹೋಗುತ್ತದೆ. ಎಣ್ಣೆ ಹಾಕಬಾರದು, ಅದು ಧೂಳನ್ನು ಹಿಡಿದು ಮತ್ತೆ ಅಂಟಾಗುತ್ತದೆ. ಮರಳಿ ಜೋಡಿಸುವಾಗ ಕಳಚಿದ ಕನೆಕ್ಟರುಗಳನ್ನೆಲ್ಲ ಮೊದಲು ಸೇರಿಸಿ, ಆಮೇಲೆ ಬ್ಯಾಟರಿ ಕೊಟ್ಟು, ಕಿಟಕಿ, ಕನ್ನಡಿ, ದೀಪ, ಎಸಿ ಎಲ್ಲವನ್ನೂ ಒಮ್ಮೆ ಒತ್ತಿ ನೋಡಿದ ನಂತರವೇ ಡ್ಯಾಶ್‌ಬೋರ್ಡಿನ ಕೊನೆಯ ಕ್ಲಿಪ್ಪುಗಳನ್ನು ಕೂರಿಸಬೇಕು.