‘ಜಾರಿ ಬಿದ್ರು’ ಅಂದ ನನ್ನ ಒಂದು ಮಾತು

ನಿನ್ನೆ ಸಂಜೆ ಪಕ್ಕದ ತೋಟದ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವವರು, ಫೋನ್ ಮಾಡಿದ್ದರು. ಅವರ ಲೈನಿನ (ಕೂಲಿಯವರ ಸಾಲುಮನೆಯ) ಒಬ್ಬ ಹುಡುಗನಿಗೆ ಮೊನ್ನೆ ರಾತ್ರಿ ಯಾವುದೋ ಗಾಡಿ ಹೊಡೆದು ನಿಲ್ಲಿಸದೆ ಹೋಗಿದೆ. ಭುಜದ ಮೂಳೆ ಮುರಿದಿದೆ. ಏನು ಮಾಡೋದು ಅಂತ ಕೇಳಿದರು. ‘ಆಸ್ಪತ್ರೆಯಲ್ಲಿ ಏನಂತ ಬರೆಸಿದ್ರಿ?’ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ‘ಬಿದ್ದ ಅಂತ ಬರೆಸಿದೆ’ ಅಂದರು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದೆ ನಾನೂ ಅದನ್ನೇ ಬರೆಸಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತೋಟದಲ್ಲಿ ರೈಟರ್ ಆಗಿರುವವರು, ಮೇಸ್ತ್ರಿಗಳು ಯಾರಾದರೂ ಇದ್ದರೆ ಪೂರ್ತಿ ಓದಿ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ 14 ವರ್ಷದಿಂದ ರೈಟರ್. ಬೆಳಿಗ್ಗೆ ಮಸ್ಟರ್ (ಹಾಜರಿ), ಆಮೇಲೆ ಬ್ಲಾಕ್ ಸುತ್ತೋದು, ಸಂಜೆ ಚೆಕ್‌ರೋಲ್ (ಹಾಜರಿ-ಕೂಲಿಯ ಲೆಕ್ಕ), ಶನಿವಾರ ಬಟವಾಡೆ (ಕೂಲಿ ಹಂಚೋದು). 2024ರ ಜುಲೈ ತಿಂಗಳ ಮೂರನೇ ಶನಿವಾರ. ಕಕ್ಕಡದ ಮಳೆ. ಬಟವಾಡೆ ಮುಗಿಸಿ ಲೈನಿನವರೆಲ್ಲ ಸಾಮಾನು ತರಲು ಪೇಟೆಗೆ ಹೋಗಿದ್ದರು. ಏಳು ಗಂಟೆಯ ಹೊತ್ತಿಗೆ ಒಬ್ಬಳು ಹುಡುಗಿ ನೆನೆದುಕೊಂಡು ಓಡಿಬಂದಳು. ಗೇಟಿನ ಹತ್ತಿರದ ತಿರುವಿನಲ್ಲಿ ಅಕ್ಕನಿಗೆ ಪಿಕಪ್ ಹೊಡೆಯಿತು ಅಂದಳು.

ಅಕ್ಕ ಅಂದರೆ ನಮ್ಮ ತೋಟದಲ್ಲಿ ಎಲ್ಲರಿಗೂ ಅಕ್ಕನೇ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದ್ದವರು. ಹೋಗಿ ನೋಡಿದರೆ ರಸ್ತೆ ಬದಿಯ ಚರಂಡಿ ಪಕ್ಕ ಕೂತಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟ ಆಗಿತ್ತು. ಅಳುತ್ತಿರಲಿಲ್ಲ. ಅಕ್ಕಿ ಚೀಲ ಒದ್ದೆ ಆಗುತ್ತೆ, ಅದನ್ನ ಎತ್ತಿಡಿ ಅಂತ ಎರಡು ಸಲ ಹೇಳಿದರು. ಕೊಡೆ ನಾಲ್ಕು ಮಾರು ದೂರ ಬಿದ್ದಿತ್ತು, ಕಡ್ಡಿಯೆಲ್ಲ ಒಂದೇ ಕಡೆ ಬಗ್ಗಿ.

ಹುಡುಗಿ ನೋಡಿದ್ದು ಇಷ್ಟೇ. ಬಿಳಿ ಪಿಕಪ್, ಹಿಂದೆ ನೀಲಿ ಟಾರ್ಪಾಲು, ಮಡಿಕೇರಿ ಕಡೆಗೆ ಹೋಯಿತು. ಮಂಜಿನಲ್ಲಿ ನಂಬರ್ ಕಾಣಲಿಲ್ಲ.

ತೋಟದ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಬಹಳ ಹಿಂದೆ ಒಮ್ಮೆ ಅಪಘಾತ ಆದ ಒಬ್ಬರನ್ನು ಆಸ್ಪತ್ರೆಗೆ ಸೇರಿಸಿ, ಆಮೇಲೆ ಠಾಣೆಯ ಬೆಂಚಿನ ಮೇಲೆ ಮಧ್ಯರಾತ್ರಿವರೆಗೆ ಕೂತಿದ್ದೆ. ಅದು ನೆನಪಿತ್ತು. ಸೋಮವಾರ ಬೆಳಿಗ್ಗೆ ಹೆಡ್ ಆಫೀಸಿಗೆ ಚೆಕ್‌ರೋಲ್ ಹೋಗಬೇಕಿತ್ತು. ಗಾಡಿಯೇ ಇಲ್ಲ, ನಂಬರೇ ಇಲ್ಲ, ಯಾರ ಮೇಲೆ ಅಂತ ಕಂಪ್ಲೇಂಟ್ ಕೊಡೋದು ಅಂತಲೂ ಅನ್ನಿಸಿತ್ತು.

ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಕಾಲು ನೋಡಿದ ಕೂಡಲೇ ಕೇಳಿದರು. ‘ಗಾಡಿ ತಗುಲಿದ್ದಾ?’

‘ಇಲ್ಲ ಡಾಕ್ಟ್ರೇ, ಜಾರಿ ಬಿದ್ರು’ ಅಂದೆ.

ಅವರು ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿ ಇನ್ನೊಂದು ಸಲ ಕೇಳಿದರು. ‘ಸರಿಯಾಗಿ ಹೇಳಿ. ಗಾಡಿ ಆದ್ರೆ ಎಂಎಲ್‌ಸಿ ಮಾಡ್ಬೇಕು.’ ಎಂಎಲ್‌ಸಿ ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆಯವರು ದಾಖಲಿಸುವುದು. ನಾನು ಮತ್ತೆ ಅದನ್ನೇ ಹೇಳಿದೆ. ಸ್ಟ್ರೆಚರ್ ಮೇಲೆ ಮಲಗಿದ್ದ ಅಕ್ಕ ತಲೆ ತಿರುಗಿಸಿ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವರ ಗಂಡನೂ ಏನೂ ಹೇಳಲಿಲ್ಲ. ಎಷ್ಟೋ ದಿನ ಆದಮೇಲೆ ನಾನೇ ಬಾಯಿಬಿಟ್ಟು ಕೇಳಿದೆ, ಅವತ್ತು ಯಾಕಕ್ಕಾ ಸುಮ್ಮನಿದ್ರಿ ಅಂತ. ‘ರೈಟ್ರು ಹೇಳಿದ್ಮೇಲೆ ನಾನೇನು ಹೇಳೋದು’ ಅಂದರು. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಅವರ ಹಾಜರಿ ಹಾಕುವವನು ನಾನು, ಲೈನಿನ ಮನೆಗೆ ಹೆಸರು ಬರೆಯುವವನು ನಾನು. ನನ್ನ ಮಾತಿನ ಮುಂದೆ ಅವರು ಹೇಗೆ ಮಾತಾಡಬೇಕಿತ್ತು?

ಕಾಲಿನ ಎರಡೂ ಮೂಳೆ ಮುರಿದಿದ್ದವು. ಆಪರೇಷನ್ ಆಯಿತು, ರಾಡ್ ಹಾಕಿದರು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಸ್ಪತ್ರೆಯ ದೊಡ್ಡ ಖರ್ಚು ತಪ್ಪಿತು. ಆದರೆ ಡಾಕ್ಟರ್ ಆರು ತಿಂಗಳು ತೋಟಕ್ಕೆ ಇಳಿಯಬಾರದು ಅಂದರು. ಆರು ತಿಂಗಳು ಅಂದರೆ ಆರು ತಿಂಗಳ ಕೂಲಿ. ಕೆಲಸದ ಹೊತ್ತಿನಲ್ಲಿ ಆಗಿದ್ದಲ್ಲ, ಹಾಗಾಗಿ ತೋಟದ ಕಡೆಯಿಂದ ಪರಿಹಾರ ಇಲ್ಲ. ಮ್ಯಾನೇಜರ್ ಮೊದಲು ಕೇಳಿದ್ದೇ ಅದು, ‘ಕೆಲ್ಸದ ಟೈಮಲ್ಲಿ ಅಲ್ಲ ಅಲ್ವಾ?’ ಅಂತ. ಹೆಡ್ ಆಫೀಸಿನವರು ಕೊಟ್ಟ ಚೆಕ್‌ರೋಲ್ ಆ್ಯಪ್‌ನಲ್ಲಿ ಇಂಥದ್ದಕ್ಕೆ ಒಂದು ಕಾಲಂ ಕೂಡ ಇಲ್ಲ. ಹಾಜರಿ ಇಲ್ಲಾಂದ್ರೆ ‘ಎ’, ಅಷ್ಟೇ. ಕಾಲು ಮುರಿದುಕೊಂಡು ಮಲಗಿದವರ ಹೆಸರಿನ ಮುಂದೆ ದಿನಾ ‘ಎ’ ಒತ್ತುವುದು ನನ್ನ ಕೆಲಸ. ಈಗಲೂ ಆ ಆ್ಯಪ್ ಹಾಗೇ ಇದೆ.

ಒಂಬತ್ತನೇ ದಿನ ಮೈಸೂರಿನಿಂದ ಅವರ ಮಗ ಬಂದ. ಬಂದವನೇ ಎಫ್‌ಐಆರ್ ಎಲ್ಲಿ ಅಂತ ಕೇಳಿದ. ಅವನ ಜೊತೆ ಕೆಲಸ ಮಾಡುವವನ ತಂದೆಗೆ ಹೀಗೇ ಆಗಿತ್ತಂತೆ. ಹೊಡೆದ ಗಾಡಿ ಸಿಗದಿದ್ದರೂ ಸರ್ಕಾರದ ಸ್ಕೀಮಿನಲ್ಲಿ ದುಡ್ಡು ಬರುತ್ತೆ ಅಂದ. ಅಲ್ಲಿಯವರೆಗೆ ನನಗೆ ಅದು ಗೊತ್ತೇ ಇರಲಿಲ್ಲ. ಗಾಡಿ ಸಿಕ್ಕರೆ ಆ ಗಾಡಿಯ ಇನ್ಶೂರೆನ್ಸ್, ಸಿಗದಿದ್ದರೆ ನಮ್ಮ ಹಣೆಬರಹ ಅಂತ ತಿಳಿದಿದ್ದೆ.

ಮೋಟಾರು ವಾಹನ ಕಾಯ್ದೆಯ 161ನೇ ಕಲಂನಲ್ಲಿ ಇದು ಇದೆ. ಹೊಡೆದು ಓಡಿಹೋದ ಗಾಡಿ ಯಾವುದು ಅಂತ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ಗಂಭೀರ ಗಾಯವೇ. 2022ರ ಏಪ್ರಿಲ್ 1ರಿಂದ ಈ ಮೊತ್ತ. ಅದಕ್ಕೆ ಮೊದಲು ಸಾವಿಗೆ 25 ಸಾವಿರ, ಗಾಯಕ್ಕೆ 12,500 ಇತ್ತು. ಮ್ಯಾನೇಜರ್ ತಲೆಯಲ್ಲಿ ಆ ಹಳೇ ಲೆಕ್ಕವೇ ಇತ್ತು. ‘ಹನ್ನೆರಡೂವರೆ ಸಾವಿರಕ್ಕೆ ಎಷ್ಟು ದಿನ ಕೆಲಸ ಬಿಟ್ಟು ಓಡಾಡ್ತೀರಿ’ ಅಂದರು. 50 ಸಾವಿರ ಅಂದಾಗಲೂ ಅವರಿಗೆ ನಂಬಿಕೆ ಬರಲಿಲ್ಲ.

ಮರುದಿನ ನೋಡಿದ ಹುಡುಗಿಯನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಠಾಣೆಗೆ ಹೋದೆ. ಎಸ್‌ಐ ದೂರು ಓದಿದರು. ಆಸ್ಪತ್ರೆಯ ಕಾಗದ ಕೇಳಿ ತಗೊಂಡರು. ಒಂದು ಸಾಲಿನ ಮೇಲೆ ಬೆರಳಿಟ್ಟರು.

‘ಇಲ್ಲಿ ಜಾರಿ ಬಿದ್ದರು ಅಂತಿದೆ. ಇದನ್ನ ಹೇಳಿದ್ದು ಯಾರು?’

ನನ್ನ ಬಾಯಿ ಒಣಗಿತು. ಹೊರಗೆ ತಗಡಿನ ಮೇಲೆ ಮಳೆ ಸದ್ದು. ಅಕ್ಕನ ಮಗ ನನ್ನ ಕಡೆ ತಿರುಗಿದ. ಅವನಿಗೆ ಈ ವಿಷಯ ಗೊತ್ತಿರಲಿಲ್ಲ. ಗಾಬರಿಯಲ್ಲಿ ಯಾರೋ ಹೇಳಿರಬೇಕು ಸಾರ್ ಅಂತ ಹೇಳಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಹೇಳಿದ್ದರೆ ಅವತ್ತಿಗೆ ಆ ಕಡತ ಮುಚ್ಚಿಹೋಗುತ್ತಿತ್ತು.

‘ನಾನು ಸಾರ್’ ಅಂದೆ.

‘ಆಗ ಬಿದ್ದರು ಅಂದ್ರಿ. ಈಗ ಹತ್ತು ದಿನ ಆದ್ಮೇಲೆ ಗಾಡಿ ಹೊಡೀತು ಅಂತೀರಿ. ಇನ್ಶೂರೆನ್ಸ್ ದುಡ್ಡಿಗೆ ಕಥೆ ಕಟ್ಕೊಂಡು ಬರೋರು ಎಷ್ಟು ಜನ ಇದ್ದಾರೆ ಗೊತ್ತಾ ನಿಮಗೆ? ನಾನು ಯಾವುದನ್ನ ನಂಬ್ಲಿ?’

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾಕೆ ಸುಳ್ಳು ಹೇಳಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಪೊಲೀಸ್ ಸ್ಟೇಷನ್ ಅಲೆದಾಟಕ್ಕೆ ಹೆದರಿದೆ ಅಂದೆ. ಅವರು ಒಂದು ಹಾಳೆ ಮುಂದಿಟ್ಟು ಇದನ್ನೇ ಬರೆದು ಸಹಿ ಹಾಕಿ ಅಂದರು. ದಿನಾ ನೂರಾರು ಹೆಸರು ಬರೆಯುವ ಕೈ ಅವತ್ತು ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ತಗೊಂಡಿತು.

ಮಹಜರಿಗೆ ಬಂದಾಗ ತಿರುವಿನಲ್ಲಿ ಏನೂ ಉಳಿದಿರಲಿಲ್ಲ. ಹತ್ತು ದಿನದ ಮಳೆ ಎಲ್ಲವನ್ನೂ ತೊಳೆದಿತ್ತು. ಮರುದಿನವೇ ಬಂದಿದ್ದರೆ ಲೈಟಿನ ಚೂರೋ ಏನೋ ಸಿಗುತ್ತಿತ್ತು, ದಾರಿಯಲ್ಲಿ ಯಾವುದಾದರೂ ಅಂಗಡಿಯ ಸಿಸಿಟಿವಿಯಲ್ಲಿ ಆ ಪಿಕಪ್ ಕಾಣುತ್ತಿತ್ತೋ ಏನೋ. ಗಾಡಿ ಸಿಕ್ಕಿದ್ದರೆ ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸ್, ಹಾಕಬಹುದಿತ್ತು. ಅದರಲ್ಲಿ ಕೂಲಿ ನಷ್ಟ, ನೋವು, ಕಾಲಿನ ಊನ ಎಲ್ಲ ಲೆಕ್ಕ ಹಾಕಿ ಕೊಡುತ್ತಾರೆ. 50 ಸಾವಿರದ ಮಿತಿ ಅಲ್ಲಿಲ್ಲ. ಆ ದಾರಿಯನ್ನು ನನ್ನ ಒಂದು ಮಾತು ಮುಚ್ಚಿತು.

ಕೊನೆಗೆ ಉಳಿದದ್ದು ಕೊಡೆ. ಅಕ್ಕನ ಗಂಡ ಅದನ್ನು ಬಿಸಾಡದೆ ಲೈನಿನ ಸೂರಿನ ಕೆಳಗೆ ಸಿಕ್ಕಿಸಿಟ್ಟಿದ್ದರು, ರಿಪೇರಿ ಮಾಡಿಸೋಣ ಅಂತ. ಬಿಚ್ಚಿ ನೋಡಿದರೆ ನಡುವಿನ ಕಬ್ಬಿಣದ ಕಂಬಿ ಬಿಲ್ಲಿನ ಹಾಗೆ ಬಗ್ಗಿತ್ತು. ಕಪ್ಪು ಬಟ್ಟೆಯ ಮೇಲೆ ಒಂದು ಗೇಣುದ್ದ ಬಿಳಿ ಬಣ್ಣ ಉಜ್ಜಿಕೊಂಡಿತ್ತು. ಜಾರಿ ಬಿದ್ದವರ ಕೊಡೆಗೆ ಬಿಳಿ ಪೇಂಟ್ ಎಲ್ಲಿಂದ ಬರಬೇಕು? ಎಸ್‌ಐ ಅದನ್ನು ಬಟ್ಟೆಯಲ್ಲಿ ಸುತ್ತಿಸಿ ಸೀಲ್ ಮಾಡಿಸಿದರು. ಅವತ್ತೇ ಎಫ್‌ಐಆರ್ ಆಯಿತು. ಆಸ್ಪತ್ರೆಗೆ ಪೊಲೀಸರ ಪತ್ರ ಹೋಗಿ, ಎಕ್ಸ್‌ರೇ ನೋಡಿ ಗಾಯದ ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ‘ಗ್ರೀವಿಯಸ್’ (ಗಂಭೀರ) ಅನ್ನುವ ಪದ ಇದೆಯಾ ಅಂತ ನಾನು ಮೂರು ಸಲ ಓದಿದೆ.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಸಿ ರಿಪೋರ್ಟ್ (ಗಾಡಿ ಪತ್ತೆಯಾಗಲಿಲ್ಲ ಅಂತ ಪೊಲೀಸರು ಹಾಕುವ ವರದಿ) ಆಗಲಿ, ಆಮೇಲೆ ಅರ್ಜಿ ಹಾಕೋಣ ಅಂತ ಕಾದೆ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು, ಹಣ್ಣು ಕೊಯ್ಲು ಹತ್ತಿರ ಬಂತು. ಕೊನೆಗೆ ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿದೆ. ಅಲ್ಲಿನ ಮೇಡಂ ಕಾಗದ ನೋಡಿ, ಯಾಕಿಷ್ಟು ದಿನ ಕಾದ್ರಿ ಅಂತಲೇ ಕೇಳಿದರು. 2024ರ ಜನವರಿ 12ರಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಈ ಸ್ಕೀಮ್ ಇದೆ ಅಂತ ಗಾಯಾಳುವಿಗೆ ಪೊಲೀಸರೇ ಲಿಖಿತವಾಗಿ ತಿಳಿಸಬೇಕು. ನಮಗೆ ಅಂಥ ಕಾಗದ ಬಂದಿರಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಕಾನೂನು ನೆರವು ಉಚಿತ. ಹೋಗಲು ಆಗದವರು 15100ಕ್ಕೆ ಫೋನ್ ಮಾಡಬಹುದು.

ಅರ್ಜಿ ಕೊಡಬೇಕಾದದ್ದು ಅಪಘಾತ ಆದ ತಾಲ್ಲೂಕಿನಲ್ಲಿ. ನಮ್ಮ ಮನೆ ಎಲ್ಲಿ ಅನ್ನೋದು ಲೆಕ್ಕಕ್ಕೆ ಬರಲ್ಲ. ಎಫ್‌ಐಆರ್, ಗಾಯದ ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜೊತೆಗೆ ಬೇರೆ ಕಡೆಯಿಂದ ಪರಿಹಾರ ಸಿಕ್ಕರೆ ಇದನ್ನು ವಾಪಸ್ ಕೊಡುತ್ತೇನೆ ಅನ್ನುವ ಒಂದು ಮುಚ್ಚಳಿಕೆ. ಅಕ್ಕನ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಅದನ್ನು ಸರಿ ಮಾಡಿಸಲು ಕುಶಾಲನಗರಕ್ಕೆ ಮೂರು ಸಲ ಓಡಾಡಿದೆವು. ಊರುಗೋಲು ಹಿಡಿದು ಅವರು ಬಸ್ ಹತ್ತುವುದನ್ನು ನೋಡುವಾಗಲೆಲ್ಲ ಕ್ಯಾಶುವಾಲ್ಟಿ ನೆನಪಾಗುತ್ತಿತ್ತು.

ತಾಲ್ಲೂಕು ಕಚೇರಿಯ ವಿಚಾರಣೆಯಲ್ಲೂ ಅದೇ ಸಾಲು, ಅದೇ ಪ್ರಶ್ನೆ. ಈ ಸಲ ನನಗೆ ನಾಲಿಗೆ ತಡವರಿಸಲಿಲ್ಲ. ನಾನೇ ಹೇಳಿದ್ದು, ತಪ್ಪಾಯಿತು, ಠಾಣೆಯಲ್ಲಿ ಬರೆದುಕೊಟ್ಟಿದ್ದೇನೆ, ಇದು ಅದರ ಪ್ರತಿ ಅಂತ ಮುಂದಿಟ್ಟೆ. ಸ್ಕೀಮಿನ ಪ್ರಕಾರ ಅವರ ವರದಿಗೆ ಒಂದು ತಿಂಗಳು, ಡಿಸಿ ಆದೇಶಕ್ಕೆ 15 ದಿನ, ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ದುಡ್ಡು ಹಾಕಲು ಇನ್ನು 15 ದಿನ. ನಮಗೆ ಇದರ ದುಪ್ಪಟ್ಟು ಹಿಡಿಯಿತು. 2025ರ ಏಪ್ರಿಲ್‌ನಲ್ಲಿ ಅಕ್ಕನ ಖಾತೆಗೆ 50 ಸಾವಿರ ನೇರವಾಗಿ ಬಂತು. ಅಷ್ಟರಲ್ಲಿ ತೋಟದಿಂದ ತಗೊಂಡ ಅಡ್ವಾನ್ಸು, ಅಂಗಡಿ ಸಾಲ ಎಲ್ಲ ಬೆಳೆದಿತ್ತು. ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಈಗ ಅವರು ನರ್ಸರಿಯಲ್ಲಿ ಕೂತು ಮಣ್ಣು ತುಂಬಿಸುವ ಕೆಲಸ ಮಾಡುತ್ತಾರೆ. ಆ ಕೆಲಸ ಕೊಡಿಸಲು ಮ್ಯಾನೇಜರ್ ಹತ್ತಿರ ಒಂದು ವಾರ ಜಗಳ ಆಡಿದ್ದೇನೆ. ಅದು ನನ್ನ ಋಣ.

ಈಗ ನಮ್ಮ ಆಫೀಸಿನ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಗಾಡಿ ಹೊಡೆದರೆ ಗಾಡಿ ಹೊಡೆಯಿತು ಅಂತಲೇ ಆಸ್ಪತ್ರೆಯಲ್ಲಿ ಬರೆಸಿ ಅಂತ ದೊಡ್ಡದಾಗಿ ಬರೆದಿದ್ದೇನೆ. ಗಾಯಾಳುವನ್ನು ಕರೆತಂದವರನ್ನು ಪೊಲೀಸರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಹೆಸರು ಹೇಳಿ ಅಂತ ಒತ್ತಾಯ ಮಾಡುವ ಹಾಗೂ ಇಲ್ಲ. 2019ರಲ್ಲಿ ಕಾಯ್ದೆಗೆ ಸೇರಿಸಿದ 134ಎ ಕಲಂ ಮತ್ತು ಅದರಡಿ ಮಾಡಿದ ನಿಯಮಗಳಲ್ಲಿ ಅದು ಇದೆ. ನಾನು ಅವತ್ತು ಹೆದರಿದ್ದಕ್ಕೆ ಕಾರಣವೇ ಇರಲಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಕ್ಯಾಶ್‌ಲೆಸ್ ಚಿಕಿತ್ಸೆಯ ಯೋಜನೆಯೂ ಬಂದಿದೆ. ಜಾರಿ ಬಿದ್ದರು ಅಂತ ಬರೆಸಿದರೆ ಅದೂ ಹೋಯಿತು. ಮೇ ತಿಂಗಳ ಕೊನೆಯ ಬಟವಾಡೆಯಲ್ಲಿ ಲೈನಿನ ಒಬ್ಬೊಬ್ಬರನ್ನೂ ನಿಲ್ಲಿಸಿ, ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಕಟ್ ಆಗುತ್ತಾ ಅಂತ ಪಾಸ್‌ಬುಕ್ ನೋಡುತ್ತೇನೆ. ಮೂಳೆ ಮುರಿದದ್ದಕ್ಕೆ ಅದರಲ್ಲಿ ಏನೂ ಬರಲ್ಲ. ಆದರೆ ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಬರುತ್ತೆ.

ಪಕ್ಕದ ತೋಟದ ರೈಟರಿಗೆ ಇದನ್ನೆಲ್ಲ ರಾತ್ರಿಯೇ ಫೋನಿನಲ್ಲಿ ಹೇಳಿದೆ. ಅವರದ್ದು ಇನ್ನೂ ಮೂರನೇ ದಿನ. ಆ ಹುಡುಗ ಹಾಕಿದ್ದ ಜರ್ಕಿನ್ ಒಗೆಯಬೇಡಿ, ಹಾಗೇ ಎತ್ತಿಡಿ ಅಂದಿದ್ದೇನೆ. ರಸ್ತೆ ಬದಿಯಲ್ಲಿ ಗಾಜಿನ ಚೂರು ಇದ್ದರೆ ಮುಟ್ಟದೆ ಫೋಟೋ ತೆಗೆದಿಡಿ ಅಂದಿದ್ದೇನೆ. ನಾಳೆ ಬೆಳಿಗ್ಗೆ ಮಸ್ಟರ್ ಮುಗಿದ ಕೂಡಲೇ ಇಬ್ಬರೂ ಠಾಣೆಗೆ ಹೋಗುತ್ತಿದ್ದೇವೆ.